ಗಾಳಿ ನೋಡಿ ಬರುವುದು

ನನ್ನ ಗಂಡ ಕ್ರೈನ್, ಬ್ರೆಡಾ ಊರಿನ ಕೂದಲು ಕತ್ತರಿಸುವವಳ ಜೊತೆ ಹೋದಾಗ ಮನೆಯಲ್ಲಿದ್ದ ಒಳ್ಳೆಯ ಸೂಟ್‌ಕೇಸನ್ನು ತೆಗೆದುಕೊಂಡು ಹೋದ, ತನ್ನ ತಾಯಿಯನ್ನು ನನಗೆ ಬಿಟ್ಟುಹೋದ. ಗಂಡನೇ ಇಲ್ಲದ ಮೇಲೆ ಅತ್ತೆಯ ಜೊತೆ ಯಾಕಿದ್ದೀಯ ಎಂದು ಜನ ಈಗಲೂ ಕೇಳುತ್ತಾರೆ. ಅತ್ತೆಗೆ ಮೀನಿನ ಗಾಡಿ ಇತ್ತು, ನನಗೆ ಎರಡು ಕೈ ಇದ್ದವು, ಅಷ್ಟೇ. ಪ್ರೀತಿ ಗೀತಿ ಎಂದು ಯಾರಾದರೂ ಹೇಳಿದರೆ ನಮ್ಮತ್ತೆ ಪೀಟರ್ನೆಲಾ ಹೇಳಿದವರ ಮುಖಕ್ಕೇ ಉಗಿದಾರು.

ಕೆಲಸ ಮೊದಲಿನಿಂದ ಹಂಚಿಹೋಗಿತ್ತು. ಶುಕ್ರವಾರ ಬೆಳಿಗ್ಗೆ ಬಂದರಿನ ಹರಾಜಿನಲ್ಲಿ ಮೀನು ಕೊಳ್ಳುವುದು ಅತ್ತೆ. ಶನಿವಾರ ಚೌಕದ ಸಂತೆಯಲ್ಲಿ ಗಾಡಿಯ ಹಿಂದೆ ನಿಂತು ಮಾರುವುದು ನಾನು. ಕೊಯ್ಯುವುದು, ಚರ್ಮ ಸುಲಿಯುವುದು, ಹಿಟ್ಟಿನಲ್ಲಿ ಅದ್ದಿ ಕರಿಯುವುದು, ಮುದುಕಿಯರ ಮಂಡಿನೋವಿನ ಕತೆ ಕೇಳುವುದು, ಸಂಜೆ ಗಾಡಿ ತೊಳೆಯುವುದು, ಎಲ್ಲ ನನ್ನದೇ. ಐಸಿನಲ್ಲಿ ಅದ್ದಿ ಅದ್ದಿ ನನ್ನ ಬೆರಳುಗಳು ಬಿರುಕು ಬಿಟ್ಟಿವೆ, ಯಾವ ಮುಲಾಮಿಗೂ ಮುಚ್ಚಿಕೊಳ್ಳುವುದಿಲ್ಲ. ಹರಾಜಿನ ಕುರ್ಚಿಯ ಹತ್ತಿರ ಮಾತ್ರ ಅತ್ತೆ ನನ್ನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಬಿಟ್ಟುಕೊಳ್ಳದೆ ಇದ್ದದ್ದೇ ನನಗೆ ನೆಮ್ಮದಿಯಾಗಿತ್ತು.

ನಮ್ಮ ಕಡೆ ಹರಾಜಿನಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಗೋಡೆಯ ಮೇಲೆ ಗಡಿಯಾರದಂಥ ದೊಡ್ಡ ತಟ್ಟೆ. ಮುಳ್ಳು ಮೇಲಿನ ಬೆಲೆಯಿಂದ ಹೊರಟು ಸರಸರನೆ ಕೆಳಗೆ ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕುರ್ಚಿಗಳಲ್ಲಿ ಕೊಳ್ಳುವವರು ಕೂತಿರುತ್ತಾರೆ, ಪ್ರತಿಯೊಬ್ಬರ ಮುಂದೆ ಒಂದು ಬಟನ್, ಒಂದು ಮೈಕು. ಯಾರು ಮೊದಲು ಒತ್ತುತ್ತಾರೋ ಮುಳ್ಳು ಅಲ್ಲಿ ನಿಲ್ಲುತ್ತದೆ, ಮೀನು ಅವರದ್ದು. ಬೇಗ ಒತ್ತಿದರೆ ಕೈ ಸುಟ್ಟುಕೊಳ್ಳುತ್ತೀರಿ. ಇನ್ನೊಂದು ಚೂರು ಇಳಿಯಲಿ ಎಂದು ಕಾದರೆ ಪಕ್ಕದವನು ಒತ್ತಿರುತ್ತಾನೆ. ಒತ್ತಿದ ಮೇಲೆ ಎಷ್ಟು ಪೆಟ್ಟಿಗೆ ಬೇಕೆಂದು ಮೈಕಿನಲ್ಲಿ ಹೇಳಬೇಕು. ಹೇಳದೆ ಸುಮ್ಮನಿದ್ದರೆ ಆ ದೋಣಿಯ ಮೀನೆಲ್ಲ ನಿಮ್ಮ ತಲೆಗೇ. ಆಮೇಲೆ ಕೈ ಜಾರಿತು ಎಂದು ಅಳುವಂತಿಲ್ಲ. ಒಂದು ಸಲ ತಪ್ಪಿ ಒತ್ತಿ ಮನೆ ಮಾರಿದವರನ್ನು ನಾವು ಕಂಡಿದ್ದೇವೆ.

ಅತ್ತೆ ಆ ಕುರ್ಚಿಯಲ್ಲಿ ಐವತ್ತೈದು ವರ್ಷ ಕೂತರು, ಇಡೀ ಹರಾಜಿನ ಹಾಲಿನಲ್ಲಿ ಅವರೊಬ್ಬರೇ ಹೆಂಗಸು. ಗಂಡಸರು ಅವರಿಗೆ ಹೆದರುತ್ತಿದ್ದರು. ಹರಾಜಿನ ದಿನ ನಾನು ವ್ಯಾನನ್ನು ಐಸ್ ಗೋದಾಮಿನ ಪಕ್ಕ ನಿಲ್ಲಿಸಿದ ತಕ್ಷಣ ತಮ್ಮ ಬ್ರೆಡ್ಡಿನ ಪೊಟ್ಟಣವನ್ನು ನನ್ನ ಕೈಗಿಟ್ಟು, "ಹಿಡ್ಕೋ, ಗಾಳಿ ನೋಡಿ ಬರ್ತೀನಿ" ಎಂದು ಗೋದಾಮಿನ ಹಿಂದಕ್ಕೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು ಸೀದಾ ಹಾಲಿಗೆ ನಡೆಯುವರು. ಬ್ರೆಡ್ಡು ತಿನ್ನುತ್ತಿದ್ದುದು ಹರಾಜು ಮುಗಿದ ಮೇಲೆಯೇ. ನಾವಿಕನ ಮಗಳಲ್ಲವೇ, ಗಾಳಿ ನೋಡಿ ಯಾವ ದೋಣಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಲೆಕ್ಕ ಹಾಕುತ್ತಾರೆ ಎಂದುಕೊಂಡಿದ್ದೆ. ಬಾವುಟ ಜೋತುಬಿದ್ದ ದಿನವೂ ಅವರು ಗಾಳಿ ನೋಡಲು ಹೋಗುತ್ತಿದ್ದರು. ಅದು ನನಗೆ ವಿಚಿತ್ರ ಎನಿಸಲಿಲ್ಲ. ಅತ್ತೆಯರ ಎಲ್ಲ ಅಭ್ಯಾಸಕ್ಕೂ ಕಾರಣ ಹುಡುಕುತ್ತ ಹೋದರೆ ಸೊಸೆಯಾದವಳು ಕೆಲಸ ಮಾಡುವುದು ಯಾವಾಗ?

ಒಂದು ಚಳಿಗಾಲದಲ್ಲಿ ಅವರು ನನ್ನ ಕಾಫಿಗೆ ಉಪ್ಪು ಹಾಕಿದರು. ಬೇಕಂತಲೇ ಹಾಕಿದರು ಎಂದು ನಾನು ಎರಡು ದಿನ ಮಾತು ಬಿಟ್ಟೆ. ಆಮೇಲೆ ನೋಡಿದರೆ, ನನ್ನ ಜೊತೆ ಮಾತಾಡುವಾಗ ನನ್ನ ಪಕ್ಕದ ಗೋಡೆಯನ್ನು ನೋಡುತ್ತಿದ್ದಾರೆ. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ, ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಅಂದರೆ ಓಡಾಡುವುದಕ್ಕೆ ತೊಂದರೆಯಿಲ್ಲ. ಆದರೆ ಯಾವುದನ್ನು ನೇರವಾಗಿ ನೋಡುತ್ತಾರೋ ಅದೇ ಕಾಣುವುದಿಲ್ಲ. ಗಡಿಯಾರದ ಮುಳ್ಳಂತೂ ಕಾಣುವುದೇ ಇಲ್ಲ.

"ಹರಾಜಿನ ಹಾಲಲ್ಲಿ ಯಾರಿಗೂ ಗೊತ್ತಾಗಬಾರ್ದು. ಗೊತ್ತಾದ್ರೆ ನನ್ನನ್ನ ಹರಿದು ಮುಕ್ಕಿಬಿಡ್ತಾರೆ" ಎಂದರು ಅತ್ತೆ ವ್ಯಾನಿನಲ್ಲಿ.

"ಮತ್ತೆ ಹೇಗೆ ಒತ್ತುತೀರಿ?"

"ನೀನು ಹಿಂದೆ ನಿಂತ್ಕೊಂಡು ಕಿವೀಲಿ ಹೇಳು. ಕಣ್ಣು ನಿಂದು, ಬೆರಳು ನಂದು."

ಎರಡು ಶುಕ್ರವಾರ ಹಾಗೆ ಮಾಡಿ ನೋಡಿದೆವು. ನಾನು "ಎಂಟು" ಎನ್ನುವಷ್ಟರಲ್ಲಿ ಮುಳ್ಳು ಏಳಕ್ಕೆ ಬಂದಿರುತ್ತಿತ್ತು. ಅತ್ತೆ ಒತ್ತುವಷ್ಟರಲ್ಲಿ ಬೇರೆ ಯಾರದೋ ಕುರ್ಚಿಯ ನಂಬರು ಮಿನುಗುತ್ತಿತ್ತು. ಎರಡು ವಾರವೂ ಖಾಲಿ ವ್ಯಾನಿನಲ್ಲಿ ಮನೆಗೆ ಬಂದೆವು. ಎರಡು ಶನಿವಾರ ಚೌಕದಲ್ಲಿ ನಮ್ಮ ಜಾಗ ಬೋಳಾಗಿತ್ತು.

ಎರಡನೇ ಶನಿವಾರದ ಸಂಜೆ ಸಂತೆಯ ಮೇಲ್ವಿಚಾರಕ ಪೋಲ್ಡರ್‌ಮನ್ ಮನೆಗೇ ಬಂದ. ಒಳ್ಳೆಯ ಮನುಷ್ಯ. ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ತಿರುಗಿಸುತ್ತ ಕೂತ.

"ನೋಡಿ ಪೀಟರ್ನೆಲಾ, ನಿಯಮ ನಾನು ಮಾಡಿದ್ದಲ್ಲ. ಮೂರನೇ ಶನಿವಾರಾನೂ ಜಾಗ ಖಾಲಿ ಇದ್ರೆ, ಕಾಯ್ತಾ ಇರೋರಿಗೆ ಕೊಡಬೇಕು."

"ಯಾರಪ್ಪ ಅದು ಕಾಯ್ತಾ ಇರೋನು?"

"ಕಾಲುಚೀಲ ಮಾರ್ತಾನೆ. ಕಟ್ಟು ಕಟ್ಟಾಗಿ."

"ಕಾಲುಚೀಲಾನಾ!" ಅತ್ತೆ ಅವನ ಪಕ್ಕದ ಕಿಟಕಿಯನ್ನು ದುರುಗುಟ್ಟಿಕೊಂಡು ನೋಡಿದರು. "ಆ ಕಲ್ಲುಗಳಿಗೆ ನಮ್ಮತ್ತೆ ಕಾಲದಿಂದ ಮೀನಿನ ವಾಸನೆ ಹಿಡಿದಿದೆ. ತೊಳೆಯದೇ ಇರೋ ಕಾಲುಚೀಲ ಅಂತ ಜನ ವಾಪಸ್ ಕೊಡ್ತಾರೆ, ಹೇಳು ಅವನಿಗೆ."

ಪೋಲ್ಡರ್‌ಮನ್ ನಗಲಿಲ್ಲ. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಹೇಗಾದ್ರೂ ಮಾಡಿ ಬನ್ನಿ, ಮಿನಾ" ಎಂದು ಮೆಲ್ಲಗೆ ಹೇಳಿ ಹೋದ. ನನ್ನ ಪೂರ್ತಿ ಹೆಸರು ಯಾಕೊಮಿನಾ. ಹಾಗೆಂದು ಕರೆಯುತ್ತಿದ್ದವನು ಬ್ರೆಡಾದಲ್ಲಿದ್ದಾನೆ.

ಆ ರಾತ್ರಿ ಆಲೂಗೆಡ್ಡೆ ಸುಲಿಯುತ್ತ ಲೆಕ್ಕ ಹಾಕಿದೆ. ನನಗೆ ಐವತ್ತೆರಡು. ಗಾಡಿ ಹೋದರೆ ಸಮುದ್ರದಂಡೆಯಲ್ಲಿ ಜರ್ಮನ್ನರ ರಜೆಯ ಮನೆಗಳ ಕಕ್ಕಸು ತಿಕ್ಕುವುದು ಬಿಟ್ಟರೆ ಬೇರೆ ಗತಿಯಿಲ್ಲ. ಆಯಾಸ ಎಷ್ಟಿತ್ತೆಂದರೆ ಅದೂ ಆಗಬಹುದು ಅನಿಸಿತು. ಅಲ್ಲಿ ಕೊನೇಪಕ್ಷ ಯಾರೂ ಏನನ್ನೂ ಒತ್ತು ಎನ್ನುವುದಿಲ್ಲ.

"ಅತ್ತೆ, ಈ ವಾರ ಒಂದು ಸಲ ಬೌಡೆವೈನ್ ಹತ್ರ ತಗೊಳ್ಳೋಣ್ವಾ?" ಎಂದೆ. ಬೌಡೆವೈನ್ ಸಗಟು ವ್ಯಾಪಾರಿ. ದಂಡೆಯ ಹೋಟೆಲುಗಳಿಗೆಲ್ಲ ಅವನದೇ ಮೀನು. ಹರಾಜಿನಲ್ಲಿ ಅರ್ಧ ಮೀನು ಅವನೇ ಬಾಚಿಕೊಳ್ಳುವುದು.

"ಅವನು ಕೇಳೋ ಬೆಲೆಗೆ ತಗೊಂಡ್ರೆ ನಮಗೆ ಉಳಿಯೋದು ಕಟ್ಟೋ ಕಾಗದ ಅಷ್ಟೇ." ಆಮೇಲೆ ನನ್ನ ಪಕ್ಕದ ಬೀರುವನ್ನು ನೋಡುತ್ತ ಕೇಳಿದರು. "ನೀನು ಒತ್ತುತೀಯಾ?"

ಅವರ ಗಾಡಿಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ನಾನಾ? ನಂಗಾಗಲ್ಲ ಅತ್ತೆ. ಆ ಗಂಡಸರ ಮಧ್ಯೆ... ಬೇಡ."

"ಸರಿ ಬಿಡು" ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

ಆ ವಾರವೆಲ್ಲ ಬಿರುಗಾಳಿ. ಹೆಚ್ಚಿನ ದೋಣಿಗಳು ಬಂದರು ಬಿಟ್ಟು ಕದಲಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಅತ್ತೆ ಎಂದಿನಂತೆ ಬ್ರೆಡ್ಡಿನ ಪೊಟ್ಟಣವನ್ನು ನನಗೆ ಕೊಟ್ಟು ಗಾಳಿ ನೋಡಿ ಬಂದರು. ನಾವು ಹಾಲಿನೊಳಗೆ ಹೋದೆವು. ಒದ್ದೆ ಉಣ್ಣೆ, ಸಿಗಾರು, ಕಾಫಿಯ ವಾಸನೆ. ಕುರ್ಚಿಗಳೆಲ್ಲ ತುಂಬಿದ್ದವು, ಕೆಳಗೆ ಪೆಟ್ಟಿಗೆಗಳು ಕೆಲವೇ.

"ಏನಜ್ಜಿ," ಎಂದ ಬೌಡೆವೈನ್ ಹಿಂದಿನ ಸಾಲಿನಿಂದ, "ಎರಡು ವಾರದಿಂದ ಬರೀ ಕಾಫಿ ಕುಡಿಯೋಕೆ ಬರ್ತಿದ್ದೀರಿ. ಬೆರಳಿಗೆ ಜೋಮು ಹಿಡೀತಾ?"

"ಹಿಡಿದಿದ್ರೆ ನಿನ್ನ ಕೆನ್ನೆ ಮೇಲೆ ಬಿಡಿಸ್ಕೊಂಡೇನು" ಎಂದರು ಅತ್ತೆ, ಅವನ ಪಕ್ಕದವನನ್ನು ನೋಡುತ್ತ. ಆ ಪಕ್ಕದವನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ಗಂಡಸರು ನಕ್ಕರು. ನಾನು ಅತ್ತೆಯ ಕುರ್ಚಿಯ ಹಿಂದೆ ನಿಂತೆ.

ಮೊದಲ ದೋಣಿಯ ಮೀನು ಹೋಯಿತು. ಎರಡನೆಯದೂ ಹೋಯಿತು. ಪ್ರತಿ ಸಲ ನಾನು ಬಾಗಿ ಬೆಲೆ ಉಸುರುತ್ತಿದ್ದೆ, ಪ್ರತಿ ಸಲ ಅತ್ತೆಯ ಬೆರಳು ತಡವಾಗಿ ಬಟನ್ ಒತ್ತುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ದೋಣಿ, ಅದರಲ್ಲಿ ಸ್ಕೋಲ್ ಮಾತ್ರ. ಬೆನ್ನ ಮೇಲೆ ಕಿತ್ತಳೆ ಚುಕ್ಕೆ ಇರುವ ಚಪ್ಪಟೆ ಮೀನು ಅದು. ಶನಿವಾರ ರಾತ್ರಿ ಬೆಣ್ಣೆಯಲ್ಲಿ ಹುರಿದ ಸ್ಕೋಲ್ ಇಲ್ಲದಿದ್ದರೆ ನಮ್ಮೂರಿನ ಮುದುಕಿಯರಿಗೆ ಭಾನುವಾರ ಚರ್ಚಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಇದು ಹೋದರೆ ನಾಳೆ ಏನೂ ಇಲ್ಲ, ಆಮೇಲೆ ಕಾಲುಚೀಲ.

ಮುಳ್ಳು ಹೊರಟಿತು.

"ಎಲ್ಲಿದೆ?" ಎಂದರು ಅತ್ತೆ.

ಬಾಯಿ ತೆರೆದೆ. ಇವರಿಗೆ ಹೇಳುವಷ್ಟರಲ್ಲಿ ಹೋಗಿರುತ್ತದೆ ಎಂದು ಹೊಳೆಯಿತು. ಬೌಡೆವೈನ್ ಮುಂದಕ್ಕೆ ಬಾಗಿದ್ದು ಕಣ್ಣಂಚಿಗೆ ಕಂಡಿತು. ಆಮೇಲೆ ಏನು ಯೋಚಿಸಿದೆನೋ ಗೊತ್ತಿಲ್ಲ, ಯೋಚಿಸಲೇ ಇಲ್ಲವೇನೋ. ಅತ್ತೆಯ ಬೆರಳು ಬಟನ್ನಿನ ಮೇಲಿತ್ತು. ನನ್ನ ಬಿರುಕು ಬಿಟ್ಟ ಕೈಯನ್ನು ಅದರ ಮೇಲಿಟ್ಟು ಒತ್ತಿಬಿಟ್ಟೆ.

ಮುಳ್ಳು ನಿಂತಿತು, ತುಂಬಾ ಮೇಲೆ. ನಮ್ಮ ಕುರ್ಚಿಯ ನಂಬರು ಮಿನುಗಿತು. ಯಾರೋ ಸಿಳ್ಳೆ ಹೊಡೆದರು.

"ಪೀಟರ್ನೆಲಾ, ಎಷ್ಟು ಪೆಟ್ಟಿಗೆ?" ಎಂದ ಹರಾಜುಗಾರ ಗಾಜಿನ ಕೋಣೆಯಿಂದ.

ಮೈಕಿನ ಕೆಂಪು ದೀಪ ಹತ್ತಿತ್ತು. ನಾನು ಹೇಳಬೇಕು. ನಾಲ್ಕು ಎನ್ನಬೇಕು, ನಮಗೆ ಬೇಕಾದದ್ದು ಅಷ್ಟೇ. ನಾಲ್ಕು ಎಂಬ ಮಾತು ಹೊರಗೆ ಬರಲಿಲ್ಲ. ಹಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದ್ದರು. ಅತ್ತೆ ಎಷ್ಟಕ್ಕೆ ನಿಂತಿದೆ ಎಂದು ತಿಳಿಯದೆ ನಾನು ಹೇಳಲಿ ಎಂದು ಕಾಯುತ್ತಿದ್ದರು.

"ಎಷ್ಟು?" ಎಂದ ಇನ್ನೊಂದು ಸಲ.

ನಾನು ಗಾಳಿಯನ್ನು ನುಂಗಿದೆ, ಮತ್ತೆ ನುಂಗಿದೆ.

"ಸರಿ. ಎಲ್ಲಾ" ಎಂದ ಅವನು, ಕೆಂಪು ದೀಪ ಆರಿತು.

ಆಗ ಧ್ವನಿ ಬಂತು, ಬರಬೇಕಾದಾಗ ಬಾರದೆ. "ಅತ್ತೆ, ಎಲ್ಲಾ ನಮ್ಮ ಮೇಲೆ ಬಿತ್ತು. ಇಡೀ ದೋಣಿ. ಬೆಲೆಯೂ ಜಾಸ್ತಿ." ಅತ್ತೆಯ ಮುಖ ಬಿಳಿಚಿಕೊಂಡಿತು. ಅಷ್ಟು ಮೀನು ನಮ್ಮ ಗಾಡಿಯಲ್ಲಿ ಒಂದು ತಿಂಗಳಿಗೂ ಖರ್ಚಾಗದು. ಸೋಮವಾರದ ಹೊತ್ತಿಗೆ ಬೆಕ್ಕೂ ಮೂಸುವುದಿಲ್ಲ.

"ನಡಿ, ಕೆಳಗೆ ಹೋಗೋಣ. ಇಲ್ಲಿ ಅಳಬೇಡ" ಎಂದರು ಅಷ್ಟೇ.

ಕೆಳಗೆ ಮೀನು ತುಂಬುವ ಶೆಡ್ಡಿನಲ್ಲಿ ನಮ್ಮ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು, ಗೋಡೆಯ ಹಾಗೆ. ಅವುಗಳ ಮುಂದೆ ನಿಂತು ನೋಡಿದೆ. ಒಂದು ಪೆಟ್ಟಿಗೆಯ ಅಂಚಿಗೆ ಕೂತೆ. ಇನ್ನು ಕಕ್ಕಸು ತಿಕ್ಕಿದರೂ ಈ ಸಾಲ ತೀರುವುದಿಲ್ಲ ಎಂದುಕೊಂಡೆ.

ಬೌಡೆವೈನ್ ಬಂದ. ಮುಖ ಬೀಟ್‌ರೂಟಿನ ಹಾಗಾಗಿತ್ತು.

"ಅಜ್ಜೀ, ಇದು ನಿಮ್ಮ ಹಳೇ ಆಟ. ಎರಡು ವಾರ ಸುಮ್ನೆ ಕೂತು, ಮೀನಿಲ್ಲದ ದಿನ ನೋಡಿ ಪೂರಾ ಬಾಚ್ಕೊಂಡ್ರಿ. ನಂಗೆ ನಾಳೆ ಎರಡು ಮದುವೆ ಊಟ ಇದೆ."

ಆಗ ತಿಳಿಯಿತು ನನಗೆ. ಈ ಗಂಡಸರಿಗೆ ನಮ್ಮ ಗತಿ ಗೊತ್ತಿಲ್ಲ. ನಾನು ಹೆದರಿ ಮೂಕಿಯಾದದ್ದನ್ನು ಧಿಮಾಕು ಎಂದುಕೊಂಡಿದ್ದಾರೆ. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು, ಅವರಿಗೂ ಸ್ಕೋಲ್ ಬೇಕಿತ್ತು.

"ನೀವು ಕೊಟ್ಟ ಬೆಲೆಗಿಂತ ಕಿಲೋಗೆ ಒಂದು ಗಿಲ್ಡರ್ ಕಮ್ಮಿಗೆ ಕೊಡಿ," ಎಂದ ಬೌಡೆವೈನ್, "ಅರ್ಧ ನಾನು ಎತ್ಕೋತೀನಿ. ಇಲ್ಲಾಂದ್ರೆ ಕೊಳೆತು ನಾರುತ್ತೆ."

ಆಗಲಿ ಎನ್ನಲು ತಲೆ ಅಲ್ಲಾಡಿಸುವುದರಲ್ಲಿದ್ದೆ. ಅಷ್ಟರಲ್ಲಿ ಅವನು ಒಂದು ಮೀನನ್ನು ಎತ್ತಿ ಕಿವಿರು ಬಿಡಿಸಿ ನೋಡಿದ. ಪ್ರತಿ ಶನಿವಾರ ನನ್ನ ಗಾಡಿಯ ಮುಂದೆ ಬಂದು ಕಿವಿರು ಬಿಡಿಸಿ, ಮೂಗು ಮುರಿದು, ಬೆಲೆ ಇಳಿಸು ಎಂದು ಪೀಡಿಸುವ ಹೆಂಗಸರು ಮಾಡುವುದೂ ಇದನ್ನೇ. ಬೇಡವೆನ್ನುವವರು ಕಿವಿರು ನೋಡುವುದಿಲ್ಲ. ಈ ಮನುಷ್ಯ ನನ್ನ ಗಾಡಿಯ ಆ ಕಡೆ ನಿಂತಿದ್ದಾನೆ, ನಾನು ಈ ಕಡೆ. ಈ ಕಡೆ ನಿಂತು ನನಗೆ ಅಭ್ಯಾಸವಿದೆ.

ಎದ್ದು ಏಪ್ರನ್ನಿಗೆ ಕೈ ಒರೆಸಿಕೊಂಡೆ.

"ಬೌಡೆವೈನ್, ಹಿಚುಕಬೇಡಿ ಮೀನನ್ನ, ಅದು ನಿಮ್ಮ ಮಾವನ ಮನೇದಲ್ಲ. ಬೇಕಾ, ಬೇಡ್ವಾ?"

ಅವನು ನನ್ನನ್ನು ಮೊದಲ ಸಲ ಕಂಡವನಂತೆ ನೋಡಿದ. "ಸೊಸೆಗೆ ಮಾತು ಬರುತ್ತಾ ಅಜ್ಜಿ?"

"ಬರುತ್ತೆ, ಬರುತ್ತೆ" ಎಂದೆ ನಾನೇ. "ನಾವು ಕೊಟ್ಟಿದ್ದರ ಮೇಲೆ ಅರ್ಧ ಗಿಲ್ಡರ್. ಅರ್ಧ ದೋಣಿ ನಿಮಗೆ. ಮಿಕ್ಕಿದ್ದು ನಿಮ್ಮ ಹಿಂದೆ ನಿಂತಿರೋರಿಗೆ. ಅವರಿಗೆ ಮೊದಲು ಕೊಡಲಾ?"

ಹಿಂದಿನವರಲ್ಲಿ ಒಬ್ಬ ಆಗಲೇ ಟೋಪಿ ತೆಗೆದು ಮುಂದೆ ಬರುತ್ತಿದ್ದ. ಬೌಡೆವೈನ್ ಗೊಣಗಿದ, ಬೈದ, ಸಮುದ್ರಕ್ಕೆ ಶಾಪ ಹಾಕಿದ, ತನ್ನ ಆಳುಗಳನ್ನು ಕೂಗಿದ. ಗೋಡೆ ಕರಗುತ್ತ ಬಂತು. ಕೊನೆಗೆ ನಮಗೆ ಬೇಕಾದ ನಾಲ್ಕು ಪೆಟ್ಟಿಗೆ ಉಳಿದವು.

ಆಮೇಲೆ ಶೆಡ್ಡಿನಿಂದ ಓಡಿ, ಯಾರೂ ನೋಡದ ಜಾಗ ಬೇಕೆಂದು ಐಸ್ ಗೋದಾಮಿನ ಹಿಂದೆ ಹೋಗಿ ಗೋಡೆಗೆ ಕೈ ಕೊಟ್ಟು ವಾಂತಿ ಮಾಡಿಕೊಂಡೆ. ಬೆಳಿಗ್ಗೆ ಕುಡಿದ ಕಾಫಿಯೆಲ್ಲ ಹೋಯಿತು. ಗೆದ್ದೆ ಎಂದು ಒಂದಿಷ್ಟೂ ಅನಿಸಲಿಲ್ಲ. ಮಲಗಬೇಕು ಅನಿಸಿತು, ಒಂದು ವಾರ.

ಹಿಂದೆ ಹೆಜ್ಜೆಯ ಸಪ್ಪಳ. ಅತ್ತೆ ಗೋಡೆಯನ್ನು ಸವರಿಕೊಂಡು ಬರುತ್ತಿದ್ದರು.

"ಸ್ವಲ್ಪ ಎಡಕ್ಕೆ ಹೋಗು" ಎಂದರು. "ಕೊಳಾಯಿ ಇದೆ. ಬಿಗಿ ಇರುತ್ತೆ, ಒಂದ್ಸಲ ಒದ್ದು ತಿರುಗಿಸು."

ಎಡಕ್ಕೆ ಹೋದೆ. ಹಳೆಯ ಐಸ್ ಪೆಟ್ಟಿಗೆಗಳ ಹಿಂದೆ ಕೊಳಾಯಿ ಇತ್ತು. ಒದ್ದು ತಿರುಗಿಸಿದರೆ ನೀರು ಬಂತು. ಮುಖ ತೊಳೆದು, ಬಾಯಿ ಮುಕ್ಕಳಿಸಿ, ಆ ಕೊಳಾಯಿಯನ್ನು ನೋಡುತ್ತ ನಿಂತೆ. ಕಣ್ಣಿರುವ ನನಗೆ ಕಾಣದಂಥ ಮೂಲೆಯಲ್ಲಿತ್ತು ಅದು.

"ಅತ್ತೆ," ಎಂದೆ, "ನೀವು ಇಲ್ಲಿಗೆ ಬರ್ತಿದ್ದಿದ್ದು ಗಾಳಿ ನೋಡೋಕಲ್ವಾ?"

"ಗಾಳೀನ ಏನೇ ನೋಡೋದು? ಅದೇನು ಕಣ್ಣಿಗೆ ಕಾಣುತ್ತಾ?"

"ಪ್ರತಿ ಶುಕ್ರವಾರಾನಾ?"

"ಒಂದು ಶುಕ್ರವಾರ ಬಂದಿರಲಿಲ್ಲ. ಕ್ರೈನ್ ಹುಟ್ಟಿದ ದಿನ." ಕರ್ಚೀಫು ತೆಗೆದು ನನ್ನ ಕಡೆ ಚಾಚಿದರು, ಸ್ವಲ್ಪ ಪಕ್ಕಕ್ಕೆ. ನಾನೇ ಕೈ ಸರಿಸಿ ತೆಗೆದುಕೊಂಡೆ. "ಖಾಲಿ ಹೊಟ್ಟೇಲಿ ಬಂದ್ರೆ ಬೇಗ ಮುಗಿಯುತ್ತೆ. ಅದಕ್ಕೇ ಬ್ರೆಡ್ಡು ಆಮೇಲೆ."

"ನಂಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಗಾಡಿ ಹತ್ರಾನೂ ನಿಲ್ತಿರಲಿಲ್ಲ."

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ ಈ ಹೆಂಗಸಿಗೆ ಕಬ್ಬಿಣದ ಎದೆ, ನನಗೆ ಇಲ್ಲ ಎಂದು ನಂಬಿಕೊಂಡು, ಅದೇ ಕಾರಣಕ್ಕೆ ತಲೆ ತಗ್ಗಿಸಿ ಮೀನು ಕೊಯ್ದಿದ್ದೇನೆ. ಸಿಟ್ಟಿನ ಜೊತೆಗೇ ಮರುಕವೂ ಬಂತು. ಐವತ್ತೈದು ವರ್ಷ ಈ ಮೂಲೆಯಲ್ಲಿ ಒಬ್ಬರೇ ಬಗ್ಗಿ ನಿಂತಿದ್ದಾರೆ, ಬಾಯಿ ಒರೆಸಿಕೊಂಡು ಹೋಗಿ ಗಂಡಸರನ್ನು ಬೈದಿದ್ದಾರೆ. ಬ್ರೆಡ್ಡಿನ ಪೊಟ್ಟಣ ಬಿಚ್ಚಿದೆ. ಇಬ್ಬರೂ ವ್ಯಾನಿನಲ್ಲಿ ಕೂತು ಅರ್ಧರ್ಧ ತಿಂದೆವು. ಚೀಸು ಒಣಗಿತ್ತು.

ಮರುದಿನ ಗಾಡಿ ಚೌಕದಲ್ಲಿ ನಿಂತಿತು. ಪೋಲ್ಡರ್‌ಮನ್ ಎರಡು ಸಲ ಸುಮ್ಮಸುಮ್ಮನೆ ನಮ್ಮ ಮುಂದೆ ಹಾದುಹೋಗಿ, ಮೂರನೇ ಸಲ ಕರಿದ ಮೀನು ಕೊಂಡ. ಕಾಲುಚೀಲದವನಿಗೆ ಚರ್ಚಿನ ಗೋಡೆಯ ಪಕ್ಕ ಬೇರೆ ಜಾಗ ಸಿಕ್ಕಿತ್ತು. ಸಂಜೆ ನಾನೂ ಅವನ ಹತ್ತಿರ ಒಂದು ಕಟ್ಟು ಕೊಂಡೆ, ನನ್ನವು ತೂತಾಗಿದ್ದವು. ಮುದುಕಿಯರು ಮಂಡಿನೋವಿನ ಕತೆ ಹೇಳಿದರು, ನಾನು ಕೇಳಿದೆ, ನನ್ನ ಮಂಡಿಯೂ ನೋಯುತ್ತಿತ್ತು.

ಮುಂದಿನ ಶುಕ್ರವಾರ ಬೆಳಕು ಹರಿಯುವ ಮುಂಚೆ ವ್ಯಾನನ್ನು ಐಸ್ ಗೋದಾಮಿನ ಪಕ್ಕ ನಿಲ್ಲಿಸಿದೆ. ಇವತ್ತು ಕುರ್ಚಿಯಲ್ಲಿ ನಾನು ಕೂರುವುದು, ಅತ್ತೆ ಹಿಂದೆ ನಿಲ್ಲುವುದು ಎಂದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಒಂದು ಸಲ ಒತ್ತಿದ ಮೇಲೆ ಎರಡನೇ ಸಲ ಸುಲಭವಾದೀತು ಎಂದು ವಾರವೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ಎಂಜಿನ್ ಆರಿಸಿದಾಗ ಹೆದರಿಕೆ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಬಂದರಿನ ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಬ್ರೆಡ್ಡಿನ ಪೊಟ್ಟಣವನ್ನು ಅತ್ತೆಯ ಕೈಗಿಟ್ಟೆ.

"ಹಿಡ್ಕೊಳ್ಳಿ ಅತ್ತೆ" ಎಂದೆ. "ಗಾಳಿ ನೋಡಿ ಬರ್ತೀನಿ."

ಅತ್ತೆ ನನ್ನ ಪಕ್ಕದ ಕಿಟಕಿಯನ್ನು ನೋಡುತ್ತ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿ ಹಿಡಿದರು.

"ಹೋಗ್ಬಾ" ಎಂದರು. "ಬಾಯಿ ಚೆನ್ನಾಗಿ ತೊಳ್ಕೋ. ಈ ಸಲ ಮೈಕಲ್ಲಿ ಮಾತಾಡಬೇಕು."